ಬಿಸಿಲೇರುವ ಮುನ್ನ ಪೇಟೆ: ಎಳೆಯ ಮಕ್ಕಳೊಂದಿಗೆ ಹಳೆ ಬೆಂಗಳೂರು

ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಗೆ ಉತ್ತರ ದಿಕ್ಕಿನಿಂದ ಬರುವ ಹಾದಿ ಯಲಹಂಕ ಬಾಗಿಲಿಗೆ ಬಂದು ಮುಟ್ಟುತ್ತಿತ್ತು. ಬಾಗಿಲು ಈಗಿಲ್ಲ. ಅದು ಇದ್ದದ್ದು ಇಂದಿನ ಮೈಸೂರು ಬ್ಯಾಂಕ್ ವೃತ್ತದ ಆಸುಪಾಸು. ಅಲ್ಲಿನ ಯಲಹಂಕ ಗೇಟ್ ಆಂಜನೇಯನ ಗುಡಿ ಮಾತ್ರ ಆ ಹೆಸರನ್ನು ಉಳಿಸಿಕೊಂಡಿದೆ. ಅಲ್ಲಿಂದ ದಕ್ಷಿಣಕ್ಕೆ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ರಸ್ತೆಯ ತುದಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಅದರ ಆಚೆ ಕೋಟೆ, ಕೋಟೆ ದಾಟಿದರೆ ವೆಂಕಟರಮಣಸ್ವಾಮಿ ದೇವಸ್ಥಾನ ಮತ್ತು ಟಿಪ್ಪುವಿನ ಬೇಸಿಗೆ ಅರಮನೆ. ಎರಡು ಕಿಲೊಮೀಟರೂ ಆಗದ ಈ ಒಂದು ಗೆರೆಯ ಮೇಲೆ ಊರಿನ ಸುಮಾರು ಐದು ಶತಮಾನಗಳು ಕೂತಿವೆ.

ಎತ್ತಿನ ಗಾಡಿ, ತಲೆಹೊರೆ ಮತ್ತು ಕಾಲ್ನಡಿಗೆಯ ಕಾಲದ ಊರಾದ್ದರಿಂದ ಪೇಟೆಯ ಅಳತೆ ಪುಟ್ಟ ಕಾಲುಗಳಿಗೆ ಒಗ್ಗುವಂಥದ್ದೇ. ಬೀದಿಗಳು ಚಿಕ್ಕವು, ತಿರುವುಗಳು ಬೇಗ ಬರುತ್ತವೆ, ನಾಲ್ಕು ಹೆಜ್ಜೆಗೊಂದು ಹೊಸ ಅಂಗಡಿ. ಒಗ್ಗದಿರುವುದು ಆ ಅಳತೆಯೊಳಗೆ ಬಂದು ಸೇರಿಕೊಂಡವು: ದ್ವಿಚಕ್ರ ವಾಹನ, ಸರಕು ಆಟೊ, ಕಿತ್ತುಹೋದ ಕಾಲುದಾರಿ, ಮತ್ತು ಮರದ ನೆರಳಿಲ್ಲದ ಬಿಸಿಲು. ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಮನೆಗಳಿಂದ ಮಾರುಕಟ್ಟೆಗೆ ಎಂಟರಿಂದ ಹದಿನೆಂಟು ಕಿಲೊಮೀಟರ್ ದೂರ. ಅಷ್ಟು ದೂರ ಬಂದಮೇಲೆ ಎಲ್ಲವನ್ನೂ ನೋಡಿಯೇ ಬಿಡೋಣ ಎಂಬ ಆಸೆ ಹಿರಿಯರಿಗೆ ಹುಟ್ಟುತ್ತದೆ. ಎರಡರಿಂದ ಆರು ವರ್ಷದ ಮಕ್ಕಳ ಮಟ್ಟಿಗೆ ತಿರುಗಾಟ ಕೆಡುವುದು ಬಹುಪಾಲು ಈ ಆಸೆಯಿಂದಲೇ. ಒಂದು ಬೆಳಗಿಗೆ ಎರಡು ಜಾಗ, ಹೆಚ್ಚೆಂದರೆ ಮೂರು. ಹನ್ನೊಂದು ಗಂಟೆಯೊಳಗೆ ನೆರಳಿಗೆ. ಪೇಟೆಯನ್ನು ಕೂಸಿಗೆ ತೋರಿಸುವ ಲೆಕ್ಕ ಇದಕ್ಕಿಂತ ದೊಡ್ಡದಾಗಬೇಕಿಲ್ಲ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ತಂಪಿನ ಊರೆಂಬ ಹೆಸರು ಇನ್ನೂ ಅಂಟಿಕೊಂಡಿದೆ. ಆ ಹೆಸರನ್ನು ನಂಬಿ ಏಪ್ರಿಲ್‌ನಲ್ಲಿ ಹೊರಡುವುದು ಜಾಣತನವಲ್ಲ. ಶಿವರಾತ್ರಿಗೆ ಚಳಿ ‘ಶಿವಶಿವ’ ಎಂದು ಹೊರಟುಹೋದ ಮೇಲೆ ಮಾರ್ಚ್, ಏಪ್ರಿಲ್, ಮೇ ಮೊದಲ ಪಾದ ಇಲ್ಲಿನ ನಿಜವಾದ ಬೇಸಿಗೆ. ಏಪ್ರಿಲ್‌ನಲ್ಲಿ ಗರಿಷ್ಠ ಉಷ್ಣಾಂಶ ಸರಾಸರಿ 34 ಡಿಗ್ರಿಯ ಸುತ್ತ ಇರುತ್ತದೆ. 2016ರ ಏಪ್ರಿಲ್‌ನಲ್ಲಿ ಅದು 39.2 ಡಿಗ್ರಿ ಮುಟ್ಟಿತ್ತು. ಮಾರ್ಚ್‌ನ ಗಾಳಿ ಒಣಗಾಳಿ. ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ಮಗು ಎಷ್ಟು ನೀರು ಕಳೆದುಕೊಂಡಿತೆಂಬುದು ಹೆತ್ತವರ ಕಣ್ಣಿಗೆ ಬೀಳುವುದಿಲ್ಲ. ಚೆನ್ನೈ, ಮಂಗಳೂರಿನಲ್ಲಿ ಒದ್ದೆಯಾದ ಅಂಗಿಯೇ ಎಚ್ಚರಿಸುತ್ತದೆ, ಇಲ್ಲಿ ಎಚ್ಚರಿಸುವವರಿಲ್ಲ. ಅಕ್ಟೋಬರ್‌ನ ದಸರಾ ರಜೆಯಿಂದ ಫೆಬ್ರುವರಿಯ ಮಧ್ಯದವರೆಗಿನ ಅವಧಿ ಪೇಟೆ ಸುತ್ತಲು ಹೇಳಿಮಾಡಿಸಿದ್ದು. ಆದರೆ ಶಾಲೆಯ ದೊಡ್ಡ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಊರಿನಿಂದ ಅಜ್ಜಿ, ಅತ್ತೆ, ಸೋದರಮಾವನ ಮಕ್ಕಳು ಬಂದಿಳಿಯುವುದೂ ಆಗಲೇ. ಹಾಗಾಗಿ ಬೇಸಿಗೆಯಲ್ಲಿ ಹೋಗಬೇಡಿ ಎಂಬ ಸಲಹೆಗೆ ಹೆಚ್ಚು ಬೆಲೆಯಿಲ್ಲ. ಬೇಸಿಗೆಯಲ್ಲಿ ಯಾವ ಹೊತ್ತಿಗೆ ಎಂಬುದನ್ನೇ ನೋಡಬೇಕು.

ಆ ಹೊತ್ತು ಬೆಳಗಿನ ಆರೂವರೆಯಿಂದ ಹತ್ತೂವರೆ. ಅಹಮದಾಬಾದ್‌ನ ಹಳೆ ಊರಿನಲ್ಲಿ 1997ರಿಂದ ನಡೆಯುತ್ತಿರುವ ಪಾರಂಪರಿಕ ನಡಿಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಡುವುದು ಬೆಳಗ್ಗೆಯೇ. 2010ರ ಬಿಸಿಗಾಳಿಯಲ್ಲಿ ಬಹಳ ಜನರನ್ನು ಕಳೆದುಕೊಂಡು, 2013ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಬಿಸಿಲ ಬೇಗೆ ನಿಭಾಯಿಸುವ ಕ್ರಿಯಾಯೋಜನೆ ಮಾಡಿಕೊಂಡ ನಗರ ಅದು. ಬೆಂಗಳೂರಿನಲ್ಲಿ ಬೆಳಗಿಗೆ ಇನ್ನೊಂದು ಅನುಕೂಲವಿದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಅಂಗಡಿಗಳು ಬಾಗಿಲು ತೆಗೆಯುವುದು ಹತ್ತರ ನಂತರ. ಅದಕ್ಕೂ ಮುಂಚೆ ಬೀದಿ ಬೀದಿಯಾಗಿಯೇ ಕಾಣುತ್ತದೆ: ಹಳೆ ಮನೆಗಳ ಉಪ್ಪರಿಗೆ, ಗಲ್ಲಿಯ ತುದಿಯ ಗುಡಿ, ಮುಚ್ಚಿದ ಕದದ ಮುಂದಿನ ರಂಗೋಲಿ. ಸಂಜೆ ಐದರ ಮೇಲೆ ತಂಪಾದರೂ ಜನ ದುಪ್ಪಟ್ಟು, ವಾಹನ ನಾಲ್ಕು ಪಟ್ಟು. ಜೊತೆಗೆ ಏಪ್ರಿಲ್, ಮೇ ಸಂಜೆಗಳಲ್ಲಿ ಸಿಡಿಲಿನೊಂದಿಗೆ ಸುರಿಯುವ ಮಾವಿನ ಮಳೆ. ಅಂಥ ಮಳೆಯಲ್ಲಿ ಕೆಳಸೇತುವೆಗಳಿಗೂ ಹಳೆಯ ಮರಗಳ ಬುಡಕ್ಕೂ ಹೋಗಬಾರದೆಂಬುದನ್ನು ಈ ಊರಿನವರಿಗೆ ಹೊಸದಾಗಿ ಹೇಳಬೇಕಿಲ್ಲ.

ಎಳೆಯ ಮಕ್ಕಳಿಗೆ ಬಿಸಿಲು ಬೇಗ ತಾಗಲು ಕಾರಣ ಅವರ ದೇಹದ ರಚನೆಯಲ್ಲಿದೆ. ಮೈತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು; ಹೊರಗಿನ ಝಳ ಒಳಕ್ಕೆ ಬೇಗ ಇಳಿಯುತ್ತದೆ. ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬಾಯಾರಿಕೆಯನ್ನು ಗುರುತಿಸಿ ಹೇಳಲು ಬರುವುದಿಲ್ಲ; ಆಟದ ಗುಂಗಿನಲ್ಲಿದ್ದರೆ ಹೇಳಬಲ್ಲ ಮಗುವೂ ಹೇಳುವುದಿಲ್ಲ. ಇದಕ್ಕೆ ಎತ್ತರದ ಮಾತೂ ಸೇರುತ್ತದೆ. ಎರಡು ವರ್ಷದ ಮಗುವಿನ ಮುಖ ನೆಲದಿಂದ ಮುಕ್ಕಾಲು ಮೀಟರಿಗಿಂತ ತುಸು ಮೇಲೆ ಇರುತ್ತದೆ. ಕಾದ ಡಾಂಬರಿನ ಬಿಸಿಯೂ ಬೈಕಿನ ಸೈಲೆನ್ಸರಿನ ಹೊಗೆಯೂ ದೊಡ್ಡವರ ಮೊಣಕಾಲಿಗೆ ತಾಗಿದರೆ ಮಗುವಿನ ಮುಖಕ್ಕೇ ರಾಚುತ್ತವೆ. ಜನಜಂಗುಳಿಯ ಬೀದಿಯಲ್ಲಿ ಮಗು ಕಾಣುವುದು ಪ್ಯಾಂಟು, ಸೀರೆಯ ನೆರಿಗೆ, ಚೀಲಗಳನ್ನು. ‘ಏನೂ ನೋಡಲಿಲ್ಲ, ಬರೀ ಅತ್ತಿತು’ ಎಂದು ದೂರುವ ಮೊದಲು ಒಮ್ಮೆ ಆ ಎತ್ತರಕ್ಕೆ ಬಗ್ಗಿ ನೋಡಿದರೆ ಸಾಕು.

ಬಳಲಿಕೆಯ ಮೊದಲ ಕುರುಹುಗಳು ರಂಪ, ಮಂಕು, ಕೆಂಪಾದ ಮುಖ, ಒಣಗಿದ ತುಟಿ. ಐದಾರು ಗಂಟೆ ಮೂತ್ರ ಹೋಗದಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ ನೀರು ಕಡಿಮೆಯಾಗಿದೆ ಎಂದೇ ಅರ್ಥ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ಕುಡಿಸುವುದು ಮೊದಲ ಉಪಚಾರ. ಮೈ ಸುಡುತ್ತಿದ್ದು ಮಗು ತೂಕಡಿಸುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಕರೆದರೆ ಓಗೊಡದಿದ್ದರೆ ಕಾಯುವಂತಿಲ್ಲ, ಆಂಬುಲೆನ್ಸ್‌ಗೆ 108. ಕೋಟೆಯ ಎದುರಿಗೇ ವಿಕ್ಟೋರಿಯಾ ಆಸ್ಪತ್ರೆಯ ಆವರಣ, ಪಕ್ಕದಲ್ಲಿ ತಾಯಿ-ಮಕ್ಕಳಿಗೆಂದೇ ಇರುವ ವಾಣಿ ವಿಲಾಸ ಆಸ್ಪತ್ರೆ. ಮಕ್ಕಳೊಂದಿಗೆ ಹಳೆ ಊರು ಸುತ್ತುವವರಿಗೆ ಇಷ್ಟು ಹತ್ತಿರದಲ್ಲಿ ಇಂಥ ಆಸರೆ ಬೇರೆ ಎಷ್ಟು ನಗರಗಳಲ್ಲಿ ಸಿಕ್ಕೀತು?

ಕುಡಿಯುವುದರಲ್ಲಿ ವಯಸ್ಸೇ ಮುಖ್ಯ. ಆರು ತಿಂಗಳೊಳಗಿನ ಕೂಸಿಗೆ ಬಿರುಬೇಸಿಗೆಯಲ್ಲೂ ಎದೆಹಾಲೇ ಸಾಕು, ನೀರು ಬೇಡ. ಹಾಲೂಡಿಸುವ ಸರತಿ ಹೆಚ್ಚಿಸಿ, ತಾಯಿ ಹೆಚ್ಚು ನೀರು ಕುಡಿಯಬೇಕು. ಅಷ್ಟು ಎಳೆಯ ಕೂಸನ್ನು ಪೇಟೆಯ ಬಿಸಿಲಿಗೆ ಕರೆತರದಿರುವುದೇ ಒಳ್ಳೆಯದು. ದೊಡ್ಡ ಮಕ್ಕಳಿಗೆ ಮನೆಯಿಂದ ಒಯ್ದ ಕುದಿಸಿ ಆರಿಸಿದ ನೀರು, ಉಪ್ಪು ಬೆರೆಸಿದ ನೀರುಮಜ್ಜಿಗೆ, ಕಣ್ಣೆದುರೇ ಕೆತ್ತಿಸಿದ ಎಳನೀರು ನಂಬಬಹುದಾದವು. ಕಬ್ಬಿನ ಹಾಲಿನಲ್ಲಿ ಕಬ್ಬಿಗಿಂತ ಅದಕ್ಕೆ ಹಾಕುವ ಮಂಜುಗಡ್ಡೆಯ ಬಗ್ಗೆ ಅನುಮಾನವಿರಲಿ. ಓಆರ್‌ಎಸ್ ಪುಡಿಯ ಪೊಟ್ಟಣ ಚೀಲದಲ್ಲಿರಬೇಕು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಬೇಕೇ ಹೊರತು ಅಂದಾಜಿನ ಮೇಲೆ ಚಿಟಿಕೆ ಚಿಟಿಕೆ ಬೆರೆಸುವುದಲ್ಲ. ಓಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪಾನೀಯಗಳು ಅದೇ ವಸ್ತುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸದಂತೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆ ಹಾಕಿದೆ.

ತಿನ್ನಲು ಮೊಸರನ್ನ, ಇಡ್ಲಿ, ಬಾಳೆಹಣ್ಣು, ಹೆಚ್ಚಿದ ಸೌತೆಕಾಯಿ. ಬೇಸಿಗೆಯಲ್ಲಿ ಮಾರುಕಟ್ಟೆಯ ಬೀದಿಗೆ ಬರುವ ತಾಟಿನಿಂಗನ್ನು ಮಕ್ಕಳು ಇಷ್ಟಪಡುತ್ತಾರೆ, ಆದರೆ ಇಡಿಯಾಗಿ ಕೊಟ್ಟರೆ ಗಂಟಲಿಗೆ ಜಾರುತ್ತದೆ; ಸಣ್ಣದಾಗಿ ಕತ್ತರಿಸಿ ಕೊಡಬೇಕು. ಕಡಲೆಕಾಯಿ ಬೀಜವನ್ನು ಐದು ತುಂಬದ ಮಕ್ಕಳ ಕೈಗೆ ಕೊಡಲೇಬಾರದು. ರಾಮನವಮಿಯ ದಿನವಾದರೆ ಪೇಟೆ, ಚಾಮರಾಜಪೇಟೆಯ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಹಬ್ಬವನ್ನು ಇಟ್ಟವರಿಗೆ ಏಪ್ರಿಲ್ ಬಿಸಿಲು ಏನೆಂದು ಗೊತ್ತಿತ್ತು. ಆದರೂ ಪಾತ್ರೆಯ ನೀರು ಎಲ್ಲಿಯದೆಂದು ವಿಚಾರಿಸದೆ ಎಳೆಯ ಮಗುವಿಗೆ ಕುಡಿಸದಿರುವುದು ಕ್ಷೇಮ.

ಬಟ್ಟೆ ಸಡಿಲವಾದ, ತಿಳಿಬಣ್ಣದ ಹತ್ತಿಯದು. ತಲೆಗೆ ಅಗಲ ಅಂಚಿನ ಟೋಪಿ. ಹಬ್ಬಕ್ಕೆಂದು ಹೊಲಿಸಿದ ರೇಷ್ಮೆ ಲಂಗ, ಶೇರ್ವಾನಿ ಫೋಟೊಗೆ ಚೆಂದ, ಮಗುವಿಗೆ ಶಿಕ್ಷೆ. ತಳ್ಳುಗಾಡಿಯನ್ನು ಮನೆಯಲ್ಲೇ ಬಿಡುವುದು ಲೇಸು. ಮುರಿದ ಚಪ್ಪಡಿ, ಮೋರಿಯ ಬಾಯಿ, ಕಾಲುದಾರಿಯ ಮೇಲೆ ನಿಂತ ಬೈಕುಗಳ ನಡುವೆ ಅದು ನೂರು ಮೀಟರ್ ಹೋಗುವುದಿಲ್ಲ. ಬಿಸಿಲು ಬೀಳದಿರಲೆಂದು ಗಾಡಿಗೆ ಬಟ್ಟೆ ಹೊದಿಸಿದರೆ ಗಾಳಿಯಾಡದೆ ಒಳಗಿನ ಸೆಕೆ ಹೊರಗಿಗಿಂತ ಏರುತ್ತದೆ. ಸೊಂಟದ ಮೇಲೆ, ಹೆಗಲ ಮೇಲೆ, ಇಲ್ಲವೇ ಉಪ್ಪುಮೂಟೆ: ಪೇಟೆಗೆ ಇವೇ ಸರಿಯಾದ ವಾಹನಗಳು. ಹೆಗಲ ಮೇಲೆ ಕೂತ ಮಗುವಿಗೆ ಬೀದಿಯ ಗಾಳಿಯೂ ಸಿಗುತ್ತದೆ, ನೋಟವೂ ಸಿಗುತ್ತದೆ. ಹೊರಲು ಇಬ್ಬರು ಹಿರಿಯರಿದ್ದರೆ ಅನುಕೂಲ.

ಹೋಗುವ ದಾರಿಯಲ್ಲಿ ಉತ್ತರ ಬೆಂಗಳೂರಿನ ಎಲ್ಲ ಬಡಾವಣೆಗಳ ಅದೃಷ್ಟ ಒಂದೇ ಅಲ್ಲ. ಯಶವಂತಪುರದವರು ಪುಣ್ಯವಂತರು. ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್‌ನಲ್ಲೂ ಇಳಿಯದೆ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ನಿಲ್ದಾಣ ಮುಟ್ಟಬಹುದು. ನೆಲದಡಿಯ ಈ ಎರಡು ನಿಲ್ದಾಣಗಳು 2017ರ ಜೂನ್‌ನಲ್ಲಿ ತೆರೆದ ಮೇಲೆ ಹಳೆ ಪೇಟೆಗೆ ಮಕ್ಕಳನ್ನು ಕರೆತರುವುದು ಮೊದಲಿನಷ್ಟು ಪೇಚಿನದ್ದಾಗಿ ಉಳಿದಿಲ್ಲ. ಚಿಕ್ಕ ಮಕ್ಕಳಿಗಂತೂ ರೈಲು ಸುರಂಗಕ್ಕೆ ಇಳಿಯುವ ಆ ಗಳಿಗೆಯೇ ಕೋಟೆಗಿಂತ ದೊಡ್ಡ ಆಕರ್ಷಣೆ. ಯಲಹಂಕದವರು ರೈಲಿನಲ್ಲಿ ಯಶವಂತಪುರಕ್ಕೋ ಮೆಜೆಸ್ಟಿಕ್‌ನ ಮುಖ್ಯ ನಿಲ್ದಾಣಕ್ಕೋ ಬಂದು ಅಲ್ಲಿಂದ ಮೆಟ್ರೊ ಹಿಡಿಯಬಹುದು. ಹೆಬ್ಬಾಳ, ಆರ್.ಟಿ. ನಗರದವರಿಗೆ ಸದ್ಯಕ್ಕೆ ಬಿಎಂಟಿಸಿ ಬಸ್ಸೇ ಗತಿ, ಇಲ್ಲವೇ ಆಟೊದಲ್ಲಿ ಮಲ್ಲೇಶ್ವರದ ತುದಿಯ ಸಂಪಿಗೆ ರಸ್ತೆ ನಿಲ್ದಾಣ; ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗದ ಕಾಮಗಾರಿ ಎಷ್ಟೋ ವರ್ಷಗಳಿಂದ ಅವರ ಕಣ್ಣೆದುರಿಗಿದೆ. ಭಾನುವಾರ ಮೊದಲ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ, ಏಳರ ಹೊತ್ತಿಗೆ ಹೊರಡುತ್ತದೆ. ಸ್ವಂತ ಕಾರು ತರುವವರಿಗೆ ಹೆಬ್ಬಾಳ ಮೇಲ್ಸೇತುವೆಯ ದಟ್ಟಣೆಗಿಂತ ದೊಡ್ಡ ತೊಡಕು ಮಾರುಕಟ್ಟೆಯ ಸುತ್ತ ಅದನ್ನು ನಿಲ್ಲಿಸುವುದು. ನಿಲ್ಲಿಸಿದ ಕಾರಿನಲ್ಲಿ ನಿದ್ದೆ ಹೋದ ಮಗುವನ್ನು, ಗಾಜು ತುಸು ಇಳಿಸಿದ್ದರೂ, ಐದು ನಿಮಿಷಕ್ಕೂ ಬಿಟ್ಟು ಹೋಗಬಾರದು.

ನೋಡುವ ಕ್ರಮದಲ್ಲಿ ಮಾರುಕಟ್ಟೆ ಮೊದಲು, ಏಕೆಂದರೆ ಅದು ಬೇಗ ಮುಗಿಯುತ್ತದೆ. 1928ರಲ್ಲಿ ಕಟ್ಟಡ ಎದ್ದು ಕೃಷ್ಣರಾಜೇಂದ್ರ ಮಾರುಕಟ್ಟೆ ಎನಿಸಿಕೊಂಡ ಈ ಜಾಗ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆ. ಹೂವಿನ ವ್ಯಾಪಾರ ನಸುಕಿನಲ್ಲೇ ಭರದಲ್ಲಿದ್ದು ಹೊತ್ತೇರುತ್ತ ಇಳಿಯುತ್ತದೆ. ಸೇವಂತಿಗೆಯ ಗುಡ್ಡೆ, ಕನಕಾಂಬರದ ಬುಟ್ಟಿ, ಸುಗಂಧರಾಜದ ಮೂಟೆಗಳನ್ನು ಮೇಲಿನಂತಸ್ತಿನ ಮೊಗಸಾಲೆಯಿಂದ ತೋರಿಸುವುದು ಕೆಳಗಿಳಿದು ನುಗ್ಗುವುದಕ್ಕಿಂತ ಹಿತ. ಕೆಳಗೆ ನೆಲ ಜಾರುತ್ತದೆ. ತಲೆಹೊರೆಯವರು ‘ದಾರಿ, ದಾರಿ’ ಎನ್ನುತ್ತ ಬರುವ ರಭಸಕ್ಕೆ ಮಗು ಕಾಣುವುದಿಲ್ಲ. ಕಾಲು ಗಂಟೆ ಸಾಕು.

ಅಲ್ಲಿಂದ ಕೋಟೆ. 1537ರ ಮಣ್ಣಿನ ಕೋಟೆಯನ್ನು 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ್ದು ಹೈದರ್ ಅಲಿ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ತುಣುಕು ಮಾತ್ರ. ಇತಿಹಾಸಪ್ರಿಯರಿಗೆ ಇದು ದುಃಖದ ಸಂಗತಿ; ಮೂರು ವರ್ಷದ ಮಗುವಿನ ಮಟ್ಟಿಗೆ ಇದೇ ಸರಿಯಾದ ಗಾತ್ರ. ಎತ್ತರದ ಬಾಗಿಲು, ಕಲ್ಲಿನಲ್ಲಿ ಕಡೆದ ಪ್ರಾಣಿ-ಪಕ್ಷಿಗಳು, ಒಳಗೊಂದು ಗಣಪತಿ ಗುಡಿ, ತಂಪಾದ ಕಮಾನು, ಇಷ್ಟೇ. 1791ರ ಮಾರ್ಚ್ 7ರಂದು ಪೇಟೆಯನ್ನು ಹಿಡಿದ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆ, ಗೋಡೆ ಒಡೆದು ಕೋಟೆಯೊಳಗೆ ನುಗ್ಗಿದ್ದು ಅದೇ ತಿಂಗಳ 21ರ ರಾತ್ರಿ. ಒಡೆದ ಜಾಗವನ್ನು ಹೇಳುವ ಕಲ್ಲಿನ ಫಲಕ ಇಂದಿಗೂ ಇದೆ. ಯುದ್ಧದ ಕಥೆಯನ್ನು ಐದು ವರ್ಷದವರಿಗೆ ಹೇಳಬಹುದು. ಅದಕ್ಕಿಂತ ಚಿಕ್ಕವರಿಗೆ ‘ಇದರಲ್ಲಿ ಆನೆ ಎಲ್ಲಿದೆ ಹುಡುಕು’ ಎಂದರೆ ಅರ್ಧ ಗಂಟೆ ಕಳೆಯುತ್ತದೆ. ಕಲ್ಲು ಕಾಯುವ ಮೊದಲು, ಅಂದರೆ ಒಂಬತ್ತೂವರೆಯೊಳಗೆ ಇಲ್ಲಿಂದ ಹೊರಡಬೇಕು.

ಕೋಟೆಯಿಂದ ನಡೆದು ಹೋಗುವ ದೂರದಲ್ಲಿರುವ ವೆಂಕಟರಮಣಸ್ವಾಮಿ ದೇವಸ್ಥಾನ ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆದದ್ದು. ಅದರ ಮಗ್ಗುಲಿಗೇ ಹೈದರ್ 1781ರಲ್ಲಿ ಮೊದಲಿಟ್ಟು, ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆ. ಬೇಸಿಗೆಯ ತಿರುಗಾಟದಲ್ಲಿ ಇದಕ್ಕಿಂತ ತಕ್ಕ ಕಟ್ಟಡವಿಲ್ಲ, ಏಕೆಂದರೆ ಸೆಕೆಯನ್ನು ದೂರವಿಡಲೆಂದೇ ಇದನ್ನು ಕಟ್ಟಿದ್ದು. ತೇಗದ ಕಂಬಗಳ ಸಾಲು, ಎತ್ತರದ ಚಾವಣಿ, ಮೂರು ನಾಲ್ಕು ಕಡೆಯಿಂದ ಗಾಳಿಗೆ ಬಿಟ್ಟ ಮೊಗಸಾಲೆ. ಬಿಸಿಲು ಒಳಗೆ ನೇರವಾಗಿ ಬೀಳುವುದಿಲ್ಲ, ಮರ ಕಲ್ಲಿನಂತೆ ಝಳವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಟಿಪ್ಪು ಮಡಿದ ಬಳಿಕ ಬ್ರಿಟಿಷರ ಆಡಳಿತ ಕಚೇರಿ 1868ರವರೆಗೆ, ಅಠಾರಾ ಕಚೇರಿಗೆ ಹೋಗುವ ತನಕ, ಇಲ್ಲೇ ಇತ್ತು. ಮಕ್ಕಳಿಗೆ ಇಲ್ಲಿ ಹೇಳಬೇಕಾದ ಕಥೆ ಹುಲಿಯದು: ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ, ಹಿಡಿ ತಿರುಗಿಸಿದರೆ ಗುರ್ ಎನ್ನುವ ಆಟಿಕೆ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಹದಿನೈದು ತುಂಬದವರಿಗೆ ಟಿಕೆಟ್ ಇಲ್ಲ. ಮುಂದಿನ ಹುಲ್ಲುಹಾಸಿನಲ್ಲಿ ಹತ್ತು ನಿಮಿಷ ಓಡಾಡಲು ಬಿಟ್ಟರೆ ಮಗು ಇಡೀ ಬೆಳಗಿನಲ್ಲಿ ನೆನಪಿಟ್ಟುಕೊಳ್ಳುವುದು ಬಹುಶಃ ಅದನ್ನೇ, ಮತ್ತು ಅದರಲ್ಲಿ ತಪ್ಪೇನಿಲ್ಲ.

ಪೇಟೆಯ ಬೀದಿಗಳಿಗೆ ಇನ್ನೊಂದು ಬೆಳಗು ಬೇಕು. ಒಂದೊಂದು ಕಸುಬಿಗೆ ಒಂದೊಂದು ಬೀದಿಯೆಂಬ ಹಳೆಯ ಏರ್ಪಾಡು ಹೆಸರುಗಳಲ್ಲಿ ಉಳಿದಿದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಮಾತು ಕಲಿತ ಮಗುವಿಗೆ ಇದು ಒಳ್ಳೆಯ ಆಟ. ಕೆಲವು ಬೀದಿಗಳಲ್ಲಿ ಕಸುಬು ಬದಲಾಗಿದೆ. ಬಳೇಪೇಟೆಯಲ್ಲಿ ಈಗ ತಬಲ, ವೀಣೆ, ಹಾರ್ಮೋನಿಯಂ ಅಂಗಡಿಗಳೂ ಇದ್ದು, ನಾದ ಹೊರಡಿಸಲು ಮಗುವಿಗೆ ಅನುಮತಿ ಕೊಡುವ ಅಂಗಡಿಯವರೂ ಇದ್ದಾರೆ. ತಾರಾಮಂಡಲಪೇಟೆಯ ನಂಟು ಟಿಪ್ಪುವಿನ ಕಾಲದ ರಾಕೆಟ್ಟುಗಳೊಂದಿಗೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಆ ರಾಕೆಟ್ಟುಗಳು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆ ಬಾವಿಯೊಂದರಲ್ಲಿ ಸಿಕ್ಕವು. ದೀಪಾವಳಿಯ ರಾಕೆಟ್ ಕಂಡ ಮಗುವಿಗೆ ಇದನ್ನು ವಿವರಿಸಲು ಕಷ್ಟವಿಲ್ಲ. ಬೀದಿ ನಡಿಗೆಗೆ ಭಾನುವಾರ ಒಳ್ಳೆಯದು, ಸಗಟು ಅಂಗಡಿಗಳು ಮುಚ್ಚಿ ಸರಕು ಗಾಡಿಗಳು ಕಡಿಮೆಯಾಗುತ್ತವೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳಲ್ಲಿ ಚಿತ್ರಪುಸ್ತಕವೊಂದು ಸಿಕ್ಕಿದರೆ ವಾಪಸು ಪ್ರಯಾಣಕ್ಕೂ ಆಯಿತು.

ಜನಸಂದಣಿಯಲ್ಲಿ ಮಗು ಕೈತಪ್ಪುವುದು ಕ್ಷಣದ ಮಾತು. ಮಗುವಿನ ಅಂಗಿಯ ಒಳಮಗ್ಗುಲಿಗೆ ಮೊಬೈಲ್ ಸಂಖ್ಯೆ ಬರೆದ ಬಟ್ಟೆಚೂರು ಹೊಲಿಯುವುದು ಜಾತ್ರೆಗೆ ಹೋಗುವವರ ಹಳೆಯ ಉಪಾಯ. ಹೆಸರನ್ನು ಹೊರಗೆ ಕಾಣುವಂತೆ ಬರೆಯಬಾರದು, ಅಪರಿಚಿತರು ಅದನ್ನೇ ಹಿಡಿದು ಕರೆಯಬಹುದು. ಹೊರಡುವ ದಿನದ ಬಟ್ಟೆಯಲ್ಲೇ ಒಂದು ಫೋಟೊ ತೆಗೆದಿಟ್ಟರೆ ಹುಡುಕುವವರಿಗೆ ಸುಲಭ. ಮೂರು ದಾಟಿದ ಮಗುವಿಗೆ ‘ಅಮ್ಮ ಕಾಣದಿದ್ದರೆ ಅಲ್ಲೇ ನಿಲ್ಲು, ಓಡಬೇಡ’ ಎಂಬ ಒಂದೇ ಮಾತನ್ನು ಮನೆಯಲ್ಲೇ ಕಲಿಸಬೇಕು. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿ 1098.

ಶೌಚಾಲಯದ ವಿಷಯದಲ್ಲಿ ಹಳೆ ಬೆಂಗಳೂರು ಮಕ್ಕಳಿಗಾಗಲೀ ತಾಯಂದಿರಿಗಾಗಲೀ ಏನನ್ನೂ ಮಾಡಿಕೊಟ್ಟಿಲ್ಲ ಎಂದೇ ಹೇಳಬೇಕು. ಇದ್ದುದರಲ್ಲಿ ಮೆಟ್ರೊ ನಿಲ್ದಾಣದವು ವಾಸಿ, ಆಮೇಲೆ ಕೂತು ತಿನ್ನುವ ಹೋಟೆಲಿನವು. ಎಳೆಯ ಕೂಸಿಗೆ ಹಾಲೂಡಿಸಲು ದೇವಸ್ಥಾನದ ಪ್ರಾಕಾರದ ಮೂಲೆಯೇ ಇಂದಿಗೂ ಗೌರವದ ಜಾಗ. ಆದರೆ ಹೆಚ್ಚಿನ ಗುಡಿಗಳು ಮಧ್ಯಾಹ್ನಕ್ಕೆ ಬಾಗಿಲು ಹಾಕಿ ಸಂಜೆಯೇ ತೆಗೆಯುವುದು. ಒಂದು ಜೊತೆ ಬಟ್ಟೆ, ಡೈಪರ್, ಒಣ ಟವೆಲ್ ಚೀಲದಲ್ಲಿದ್ದರೆ ಅರ್ಧ ಚಿಂತೆ ಕಳೆಯುತ್ತದೆ.

ಹನ್ನೊಂದರ ಮೇಲೂ ಊರಲ್ಲೇ ಉಳಿಯಬೇಕಾದವರಿಗೆ ಕಬ್ಬನ್ ಉದ್ಯಾನದ ಸುತ್ತಲಿನ ಚಾವಣಿಗಳಿವೆ. 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಮುಟ್ಟಿ, ತಿರುಗಿಸಿ, ಒತ್ತಿ ನೋಡಬಹುದಾದ ಯಂತ್ರಗಳಿವೆ. ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪನೆಯಾದದ್ದು. ಅಲ್ಲಿರುವ ಆತಕೂರು ಶಾಸನದ ಮುಂದೆ ಮಕ್ಕಳನ್ನು ನಿಲ್ಲಿಸದೆ ಬರಬಾರದು. ಹತ್ತನೆಯ ಶತಮಾನದ ಆ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪಿನದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ಆ ನಾಯಿ ದೊಡ್ಡ ಹಂದಿಯೊಂದಿಗೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿ ಹಂದಿಗಳ ಕೆತ್ತನೆ ಕಲ್ಲಿನ ಮೇಲೆ ಕಾಣುತ್ತದೆ. ಓದು ಬಾರದ ಮಗು ತಾನಾಗಿ ‘ಓದಬಲ್ಲ’ ಶಾಸನ ಇದು.

ಚೈತ್ರ ಹುಣ್ಣಿಮೆಯ ಕರಗದ ವಿಷಯ ಬೇರೆ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೂವಿನ ಕರಗ ಹೊರಡುವುದು ನಡುರಾತ್ರಿಯ ಹೊತ್ತಿಗೆ. ಕತ್ತಿ ಹಿಡಿದ ವೀರಕುಮಾರರ ಕಾವಲಿನಲ್ಲಿ ಅದು ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಪೇಟೆಯೆಲ್ಲ ಸುತ್ತಿ ಬೆಳಗಿನ ಹೊತ್ತಿಗೆ ಹಿಂದಿರುಗುತ್ತದೆ. ಬಿಸಿಲಿನ ಕಾಟವಿಲ್ಲ, ಆದರೆ ಜನಸಾಗರ. ತಿಗಳ ಸಮುದಾಯದ ಮನೆಗಳಲ್ಲಿ ಮಕ್ಕಳು ಮಹಡಿ, ಜಗಲಿಗಳಿಂದ ನೋಡುತ್ತ ಬೆಳೆಯುತ್ತಾರೆ. ಆ ಬೀದಿಯಲ್ಲಿ ಪರಿಚಯದ ಮನೆಯಿಲ್ಲದವರು ದೇವಸ್ಥಾನದ ಬಾಗಿಲಲ್ಲೇ ನೋಡುವ ಹಟ ಬಿಟ್ಟು, ಎಳೆಯ ಮಕ್ಕಳಿದ್ದರೆ ಹಗಲಿನಲ್ಲಿ ಹೋಗಿ ಗುಡಿಯನ್ನಷ್ಟೇ ತೋರಿಸಬಹುದು.

ಪೇಟೆಗೆ ಹೋಗಲಾಗದ ಬಿರುಬೇಸಿಗೆಯ ದಿನಗಳಿಗೆ ಉತ್ತರ ಬೆಂಗಳೂರಿನಲ್ಲೇ ಪೇಟೆಗಿಂತ ಹಳೆಯ ಇತಿಹಾಸವಿದೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ರಾಷ್ಟ್ರಕೂಟರ ದಂಡು ಬಂದಾಗ ಕಾದಾಡಿ ಬಿದ್ದ ಕಿತ್ತಯ್ಯನ ಹೆಸರು ಅದರಲ್ಲಿದೆ. ಬೆಂಗಳೂರಿನ ಹೆಸರು ಹೇಳುವ ಬೇಗೂರು ಶಾಸನಕ್ಕಿಂತ ಇದು ಒಂದು ಶತಮಾನಕ್ಕೂ ಹೆಚ್ಚು ಹಳೆಯದು. ಊರಿನ ಬೀದಿಯಲ್ಲೇ ಅದಕ್ಕೊಂದು ಪುಟ್ಟ ಮಂಟಪ ಕಟ್ಟಿದ್ದಾರೆ. ಮೇಖ್ರಿ ವೃತ್ತದ ಬಳಿ, ಬಂಡೆಯ ಮೇಲೆ, ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗ‍ಳಲ್ಲಿ ಉತ್ತರದ್ದು ನಿಂತಿದೆ, ಆರ್.ಟಿ. ನಗರದವರಿಗೆ ಅದು ಕೂಗಳತೆಯ ದೂರ. ಎರಡನ್ನೂ ಸೇರಿಸಿ ಒಂದು ಗಂಟೆ ಸಾಕು. ಮಿಕ್ಕ ಸಮಯಕ್ಕೆ ಜಕ್ಕೂರು, ಯಲಹಂಕದ ಕೆರೆದಂಡೆಯ ಹಕ್ಕಿಗಳಿವೆ.

ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಟಿಪ್ಪು ಹುಟ್ಟಿದ ದೇವನಹಳ್ಳಿ. ಅಲ್ಲಿನ ಕೋಟೆ ಬೆಂಗಳೂರಿನದರಂತೆ ತುಣುಕಲ್ಲ, ಸುತ್ತು ಪೂರ್ತಿಯಿದೆ, ಒಳಗೆ ಇಂದಿಗೂ ಊರಿದೆ. ಆದರೆ ಗೋಡೆಯ ಮೇಲೆ ನೆರಳಿಲ್ಲ. ಒಂಬತ್ತರೊಳಗೆ ಮುಗಿಸಿ ವೇಣುಗೋಪಾಲಸ್ವಾಮಿ ದೇವಸ್ಥಾನದ ಅಂಗಳಕ್ಕೆ ಬರಬೇಕು. ಇನ್ನೂ ಮುಂದೆ, ನಂದಿಬೆಟ್ಟದ ಬುಡದಲ್ಲಿ, ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುವ ಭೋಗನಂದೀಶ್ವರನ ಗುಡಿ. ವಾರದ ಕೊನೆಯಲ್ಲಿ ಬೆಟ್ಟದ ಮೇಲೆ ವಾಹನಗಳ ಸಾಲು ನಿಂತಿರುವಾಗ ಕೆಳಗಿನ ಈ ಪ್ರಾಕಾರದಲ್ಲಿ ಮಕ್ಕಳು ಕಂಬದಿಂದ ಕಂಬಕ್ಕೆ ಕಣ್ಣಾಮುಚ್ಚಾಲೆ ಆಡುವಷ್ಟು ಜಾಗ, ನೆರಳು ಎರಡೂ ಇರುತ್ತವೆ. ಒಳಗಿನ ಕಲ್ಯಾಣಿಯ ನಾಲ್ಕೂ ಕಡೆ ಮೆಟ್ಟಿಲುಗಳು ಸಾಲುಸಾಲಾಗಿ ಇಳಿಯುತ್ತವೆ, ಚಪ್ಪಲಿ ಬಿಟ್ಟ ಕಾಲಿಗೆ ಮಧ್ಯಾಹ್ನದ ಹಾಸುಗಲ್ಲು ಸುಡುತ್ತದೆ. ಮಗುವಿಗೆ ಒಂದು ಜೊತೆ ಕಾಲುಚೀಲ ಒಯ್ಯುವುದು, ನೀರಿನ ಬಳಿ ಕೈ ಬಿಡದಿರುವುದು, ಈ ಎರಡು ಎಚ್ಚರ ಅಲ್ಲಿಗೆ ಸಾಕು.